ಖಾಜಾ ಬದುಕಿದ್ದಾನೆಂದು ಹೇಳಲು ಸಿಂಹಳಕ್ಕೆ

ಶಹಾಪುರ

ಭೂಗೋಳ ಕಲಿಸುವ ಮಾಸ್ತರನೆಂದರೆ ದೇಶವೆಲ್ಲ ಸುತ್ತಿದವನೆಂದು ಊರ ಜನ ತಿಳಿಯುತ್ತಾರೆ. ನಾನು ಮೂವತ್ತು ದಾಟುವವರೆಗೆ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದು ಎರಡೇ ಸಲ. ಎರಡೂ ಸಲ ಹೈದರಾಬಾದಿಗೆ, ಪರೀಕ್ಷೆಗೆ ಕೂರಲು. ಸಮುದ್ರವನ್ನು ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಿಂದ ಎಷ್ಟೋ ಬಾರಿ ಬರೆದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಅಂಥವನು ಒಂದು ಬೇಸಿಗೆ ರಜೆಯಲ್ಲಿ ಅಕ್ಕನನ್ನೂ ಒಬ್ಬ ಲಾರಿ ಡ್ರೈವರನನ್ನೂ ಕರೆದುಕೊಂಡು ಸಿಂಹಳಕ್ಕೆ ಹೋಗಿ, ಅಲ್ಲಿ ಬಾಡಿಗೆ ಕಾರು ಹಿಡಿದು ಬೆಟ್ಟದ ಸೀಮೆ ಸುತ್ತಿ ಬಂದೆ. ‘ಕರೆದುಕೊಂಡು’ ಎಂದದ್ದು ಬಾಯಿಚಟ. ಅವರಿಬ್ಬರೇ ನನ್ನನ್ನು ಕರೆದುಕೊಂಡು ಹೋದರು.

ಡ್ರೈವರನ ಹೆಸರು ಖಾಜಾ ಮಿಯಾ. ಯಾದಗಿರಿಯ ಹತ್ತಿ ವ್ಯಾಪಾರಿಯೊಬ್ಬರ ಲಾರಿ ಅವನ ಕೈಯಲ್ಲಿತ್ತು. ಅಕ್ಕ ಗಂಗವ್ವನ ಗಂಡ ಮಲ್ಲಪ್ಪ ಅದೇ ಲಾರಿಯ ಕ್ಲೀನರ್. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಲಾರಿಗೆ ಇದ್ದಲಿನ ಗ್ಯಾಸು ಕಟ್ಟಿದಾಗ ಇಬ್ಬರೂ ಮೈತುಂಬ ಮಸಿ ಬಳಿದುಕೊಂಡು ದೋರನಹಳ್ಳಿಗೆ, ನಮ್ಮ ಮನೆಗೆ, ಊಟಕ್ಕೆ ಬರುತ್ತಿದ್ದರು. ಮುಖ ತೊಳೆಯುವತನಕ ತನ್ನ ಗಂಡ ಯಾರೆಂದು ಗೊತ್ತಾಗುತ್ತಿರಲಿಲ್ಲವೆಂದು ಅಕ್ಕ ನಗುತ್ತಿದ್ದಳು. ಮಲ್ಲಪ್ಪ ಖಾಜಾನನ್ನು ‘ಉಸ್ತಾದ’ ಎಂದೇ ಕರೆಯುತ್ತಿದ್ದ. ಎಂಜಿನ್ನಿನ ಬೆಲ್ಟಿಗೆ ಸಿಕ್ಕಿ ಅವನ ಎಡಗೈಯ ಎರಡು ಬೆರಳು ಹೋದ ದಿನ, ಖಾಜಾ ಲಾರಿಯಲ್ಲಿದ್ದ ಹತ್ತಿ ಅಂಡಿಗೆಗಳನ್ನು ದಾರಿಯಲ್ಲೇ ಇಳಿಸಿ, ಅವನನ್ನು ಯಾದಗಿರಿ ದವಾಖಾನೆಗೆ ಮುಟ್ಟಿಸಿದ್ದ.

ನಿಜಾಮರ ರಾಜ್ಯ ಮುಗಿದು ಭಾರತದ ದಂಡು ಬಂದ ವಾರ ನಮ್ಮ ಕಡೆ ಯಾರ ಮನಸ್ಸೂ ಸ್ಥಿಮಿತದಲ್ಲಿರಲಿಲ್ಲ. ಹಿಂದಿನ ತಿಂಗಳು ಹಿಂದೂಗಳು ಹೆದರಿದ್ದರು, ಆ ವಾರ ಮುಸಲ್ಮಾನರು ಹೆದರಿದ್ದರು. ಲಾರಿ ನಮ್ಮ ಹಿತ್ತಲ ಕೊಟ್ಟಿಗೆಯಲ್ಲಿತ್ತು. ಮಲ್ಲಪ್ಪ ಅದನ್ನು ಕಾಯುತ್ತ ಒಳಗೇ ಕೂತಿದ್ದ. ಸಂಜೆ ಮಬ್ಬಿನಲ್ಲಿ ಮುಖದ ತುಂಬ ಕಂಬಳಿ ಸುತ್ತಿಕೊಂಡ ಒಬ್ಬ ಕೊಟ್ಟಿಗೆಗೆ ನುಗ್ಗಿದ. ಮಲ್ಲಪ್ಪ ಹಿಂದುಮುಂದು ನೋಡದೆ ಎಂಜಿನ್ ತಿರುಗಿಸುವ ಹ್ಯಾಂಡಲ್ ಎತ್ತಿ ಹೊಡೆದುಬಿಟ್ಟ. ಬಿದ್ದವನ ಕಂಬಳಿ ಸರಿಸಿ ನೋಡಿದರೆ ಖಾಜಾ. ಅಡಗಲು ಜಾಗ ಕೇಳಿಕೊಂಡು ಬಂದಿದ್ದ.

ಸತ್ತನೆಂದು ತಿಳಿದು ಮಲ್ಲಪ್ಪ ಅಲ್ಲಿಂದಲೇ ಓಡಿಹೋದ. ಬುತ್ತಿ ತಂದ ಅಕ್ಕನಿಗೆ ಸಿಕ್ಕದ್ದು ರಕ್ತದಲ್ಲಿ ಬಿದ್ದ ಖಾಜಾ. ಅಕ್ಕ, ಅವ್ವ ಸೇರಿ ಅವನನ್ನು ಒಳಗೆಳೆದುಕೊಂಡು, ಜೋಳದ ಚೀಲಗಳ ಸಂದಿಯಲ್ಲಿ ಹದಿನೆಂಟು ದಿನ ಇಟ್ಟು ಉಳಿಸಿಕೊಂಡರು. ಎಡಗಿವಿ ಕಿವುಡಾಯಿತು, ಮನುಷ್ಯ ಉಳಿದ. ವಿಚಾರಣೆಗೆ ಬಂದವರಿಗೆ ಖಾಜಾ ಯಾರ ಹೆಸರನ್ನೂ ಹೇಳಲಿಲ್ಲ.

ಒಂದು ವರ್ಷದ ಮೇಲೆ ಸಿಂಹಳದಿಂದ ಮಲ್ಲಪ್ಪನ ಕಾಗದ ಬಂತು. ಉಸ್ತಾದನ ಮಕ್ಕಳನ್ನು ನೋಡಿಕೊಳ್ಳಿರೆಂದು ಬರೆದಿದ್ದ. ಮನೆ ವಿಳಾಸ ಕೊಡದೆ, ಉತ್ತರವನ್ನು ಆ ಊರಿನ ಅಂಚೆ ಕಚೇರಿಯಿಂದ ತಾನೇ ಬಂದು ಪಡೆಯುತ್ತೇನೆಂದಿದ್ದ. ಖಾಜಾ ಬದುಕಿದ್ದಾನೆ, ಬಾ ಎಂದು ನಾನು ಉತ್ತರ ಬರೆದೆ. ಅವನು ನಂಬಲಿಲ್ಲ. ಪೊಲೀಸರು ಕೂಡಿಸಿಕೊಂಡು ಬರೆಸಿದ್ದಾರೆ, ಮಾಸ್ತರ ಹೀಗೆ ಪುಸ್ತಕದ ಹಾಗೆ ಮಾತಾಡುವವನಲ್ಲ ಎಂದು ಮರುತ್ತರ. ಇನ್ನೊಮ್ಮೆ ಬರೆದಾಗಲೂ ಬೇರೆ ಊರಿನಿಂದ ಅದೇ ಉತ್ತರ. ನಾನಾದರೂ ಏನು ಮಾಡಲಿ? ಉರ್ದುವಿನಲ್ಲಿ ಓದಿ ಬೆಳೆದವನು. ಶಾಲೆಯೆಲ್ಲ ಕನ್ನಡಕ್ಕೆ ತಿರುಗಿದ ಮೇಲೆ ಕನ್ನಡದ ಪರೀಕ್ಷೆ ಕಟ್ಟುತ್ತಿದ್ದವನು. ನನಗೆ ಬರೆಯಲು ಬರುತ್ತಿದ್ದದ್ದೇ ಪುಸ್ತಕದ ಕನ್ನಡ. ಆಮೇಲೆ ಅಕ್ಕ ತಾನೇ ಒಂದು ಕಾಗದ ಬರೆದಳು. ಅದಕ್ಕೆ ಉತ್ತರವೇ ಬರಲಿಲ್ಲ. ಮಲ್ಲಪ್ಪನ ಕಾಗದಗಳೂ ನಿಂತವು. ನಮ್ಮ ಕೈಯಲ್ಲಿ ಉಳಿದದ್ದು ಮೂರು ಲಕೋಟೆ, ಅವುಗಳ ಮೇಲೆ ಮೂರು ಅಂಚೆ ಮುದ್ರೆ: ಕ್ಯಾಂಡಿ, ನುವರ ಎಲಿಯ, ಬಂಡಾರವೆಲ.

ದಂಡು ಬಂದು ಆರು ವರ್ಷವಾಗಿತ್ತು. ಒಂದು ಮಧ್ಯಾಹ್ನ ಖಾಜಾ ಶಾಲೆಗೆ ಬಂದು, ಗೋಡೆಯ ಮೇಲಿನ ಉರ್ದು ನಕಾಶೆಯ ಮುಂದೆ ನಿಂತ. ಅದರಲ್ಲಿ ಸಿಂಹಳ ಹುಣಸೆ ಬೀಜದಷ್ಟಿತ್ತು.

“ಕಾಗದ ನಂಬಂಗಿಲ್ಲ ಅಂವ,” ಎಂದ. “ನನ್ನ ಮಾರಿ ನಂಬ್ತಾನಿಲ್ಲೋ ನೋಡೂಣು. ನಾನs ಹೋಗ್ತೀನಿ ಮಾಸ್ತರ.”

ಅಂದಿನಿಂದ ಮೂರು ತಿಂಗಳು ಖಾಜಾ ಕಾಲೂರಿ ಕೂತದ್ದನ್ನು ನಾನು ಕಾಣೆ. ನಾನು ಕಲಬುರ್ಗಿಗೆ ಹೋಗಿ ದೊಡ್ಡ ನಕಾಶೆಯಿಂದ ಆ ದ್ವೀಪವನ್ನು ತೆಳುಕಾಗದದ ಮೇಲೆ ಇಳಿಸಿಕೊಂಡು ಬಂದೆ. ಅವನು ದಾರಿಗಳ ಮೇಲೆ ನೂಲು ಹಿಡಿದು ಅಳೆದ. ಕ್ಯಾಂಡಿಯಿಂದ ನುವರ ಎಲಿಯಕ್ಕೆ ಶಹಾಪುರದಿಂದ ಯಾದಗಿರಿಗೆ ಹೋಗಿ ತಿರುಗಿ ಬಂದಷ್ಟು ದೂರ, ಆದರೆ ಎಲ್ಲಾ ಏರು. ಆದ್ದರಿಂದ ಬಾಡಿಗೆಗೆ ಹಿಡಿಯುವ ಗಾಡಿಯ ಎಂಜಿನ್ ಗಟ್ಟಿ ಇರಬೇಕು, ಏರುವಾಗ ಎಲ್ಲೆಲ್ಲಿ ನೀರು ಸಿಗುತ್ತದೆಂದು ಮೊದಲೇ ಕೇಳಿಕೊಳ್ಳಬೇಕು, ಬ್ರೇಕನ್ನು ತಾನೇ ಬಿಚ್ಚಿ ನೋಡಬೇಕು. ಹೀಗೆ ಒಂದು ಉದ್ದನೆಯ ಪಟ್ಟಿಯನ್ನು ಉರ್ದುವಿನಲ್ಲಿ ಬರೆದ. ಮರುದಿನ ಹರಿದು ಇನ್ನೊಂದು ಬರೆದ. ರಾಯಚೂರು ಕಡೆ ಬಾಡಿಗೆಗೆ ಹೋದರೂ ಅಲ್ಲಿಂದ ಹೊಸ ಯೋಚನೆಯೊಂದಿಗೆ ಬರುತ್ತಿದ್ದ. ನನಗೂ ಅದೇ ರೋಗ ಅಂಟಿತು. ಪಾಠದ ನಡುವೆ ಎದ್ದು ಹೋಗಿ ನೂಲು ಹಿಡಿಯುತ್ತಿದ್ದೆ.

ತಾನೂ ಬರುತ್ತೇನೆಂದು ಅಕ್ಕ ಯಾರನ್ನೂ ಕೇಳಲಿಲ್ಲ. ರಹದಾರಿಗೆ ನನ್ನ ಫೋಟೊ ತೆಗೆಸುವ ದಿನ ಬಂದು ಪಕ್ಕದಲ್ಲಿ ಕೂತಳು, ಅಷ್ಟೆ. ಸೊಸೆಯಾಗಿ ಹೋದವಳು ತವರಲ್ಲೇ ಆರು ವರ್ಷ ಕೂತಿದ್ದಳು. ಅವ್ವನಿಗೂ ಬೇಡವೆನ್ನಲು ಬಾಯಿ ಬರಲಿಲ್ಲ. ನಮ್ಮ ನೂಲು, ಪಟ್ಟಿಗಳನ್ನು ನೋಡಿ ಅಕ್ಕ ಒಂದೇ ಮಾತು ಅಂದಿದ್ದಳು: “ಲಾರಿ ಎಲ್ಲಿರ್ತಾವ ಅಲ್ಲಿ ಅವರಿರ್ತಾರ. ಇಷ್ಟಕ್ಕ ನಕಾಶಿ ಯಾತಕ್ಕ?”

ಧನುಷ್ಕೋಡಿ

ಯಾದಗಿರಿಯಿಂದ ಮದ್ರಾಸು, ಅಲ್ಲಿಂದ ಮರಳು ನಾಲಗೆಯ ತುದಿಯ ಧನುಷ್ಕೋಡಿ. ರೈಲು ಇಳಿದು ಹಡಗು ಹತ್ತುವ ಮುನ್ನ ಗಂಟು ಬಿಚ್ಚಿ ತೋರಿಸಬೇಕು. ನನ್ನ ಪೆಟ್ಟಿಗೆಯಲ್ಲಿ ಅವರು ನೋಡಿದ್ದು ಎರಡು ಅಂಗಿ. ಖಾಜಾನ ಗಂಟು ಬಿಚ್ಚಿದರೆ ನಟ್ಟು ತಿರುಗಿಸುವ ಏಳು ಪಾನಾ, ಒಂದು ಸುತ್ತಿಗೆ, ರಬ್ಬರ್ ಕೊಳವೆ, ತಂತಿಯ ಸುರುಳಿ. ಗಾಡಿ ಎಲ್ಲಿದೆಯೆಂದು ಅಧಿಕಾರಿ ಕೇಳಿದರು. ಗಾಡಿ ಇಲ್ಲ, ಆ ಕಡೆ ಬಾಡಿಗೆಗೆ ಹಿಡಿಯುವುದಿದೆ ಎಂದೆ. ಹಿಡಿಯದ ಗಾಡಿಗೆ ಇಲ್ಲಿಂದಲೇ ರಿಪೇರಿ ಸಾಮಾನು ಒಯ್ಯುವವರನ್ನು ಅವರು ನೋಡಿರಲಿಲ್ಲವೆಂದು ಕಾಣುತ್ತದೆ. ಇನ್ನೊಬ್ಬರನ್ನು ಕರೆದರು, ಅವರು ಮತ್ತೊಬ್ಬರನ್ನು ಕರೆದರು. ಖಾಜಾ ನಿಂತಲ್ಲಿ ನಿಲ್ಲಲಾರದೆ ಒಂದೊಂದು ಪಾನಾ ಎತ್ತಿ ಅದರ ಉಪಯೋಗ ಹೇಳತೊಡಗಿದ.

ಅಷ್ಟರಲ್ಲಿ ಅಕ್ಕನ ಗಂಟು ಬಿಚ್ಚಲಾಯಿತು. ಮೂರು ಮಂದಿಗೆ ಹದಿನೈದು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಇದೇನೆಂದು ಅಧಿಕಾರಿ ಒಂದು ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದರು, ಅದು ಹಲಗೆಯಂತೆ ಸದ್ದು ಮಾಡಿತು. ಅಕ್ಕ ಮಾತಾಡದೆ ಒಂದು ತುಂಡು ಮುರಿದು, ಹಿಂಡಿ ಹಚ್ಚಿ ಅವರ ಕೈಗಿಟ್ಟಳು. ಅವರು ಅದನ್ನು ಜಗಿದು ಮುಗಿಸುವಷ್ಟರಲ್ಲಿ ಹಿಂದೆ ಸಾಲು ಬೆಳೆದು, ಸಾಕು ಹೋಗಿ ಎಂದುಬಿಟ್ಟರು.

ಹಡಗಿನಲ್ಲಿ ನಾನು, ಖಾಜಾ ಇಬ್ಬರೂ ಕಂಬಿಗೆ ಆತುಕೊಂಡು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಕೊಟ್ಟೆವು. ಬೋರ್ಡಿನ ನೀಲಿ ಅಲ್ಲಿರಲಿಲ್ಲ. ಹಸುರೂ ಅಲ್ಲದ ಬೂದಿಯೂ ಅಲ್ಲದ ಬಣ್ಣ. ಅಕ್ಕ ಮಾತ್ರ ಕೃಷ್ಣೆಯ ದಂಡೆಯಲ್ಲಿ ಕೂತವಳಂತೆ ಕೂತು, ಆರಾಮಾಗಿ ರೊಟ್ಟಿ ತಿಂದಳು.

ಕ್ಯಾಂಡಿ

ನಮ್ಮ ಯೋಜನೆ ಮುರಿದದ್ದು ಕ್ಯಾಂಡಿಯಲ್ಲಿ, ಮೊದಲನೆಯ ಗಂಟೆಯಲ್ಲೇ. ಬಾಡಿಗೆ ಕಾರುಗಳ ಮಾಲಿಕ ಬೆಳ್ಳಗಿನ ಗಡ್ಡದ ಮುದುಕ. ಕಾರು ಕೊಡುತ್ತೇನೆ, ಓಡಿಸುವವನು ನನ್ನ ಡ್ರೈವರನೇ ಎಂದರು. ಮೂರು ತಿಂಗಳ ನೂಲು, ಪಟ್ಟಿ ಎಲ್ಲ ಅಲ್ಲಿಗೆ ನಿಂತವು. ನಾನು ಹರಕು ಇಂಗ್ಲಿಷಿನಲ್ಲಿ, ಈತ ಇಪ್ಪತ್ತು ವರ್ಷ ಲಾರಿ ಓಡಿಸಿದವನೆಂದು ವಾದಿಸಿದೆ. ಮುದುಕ ಖಾಜಾನ ಎಡಗಡೆಯಿಂದ ಏನೋ ಕೇಳಿದರು, ಖಾಜಾನಿಗೆ ಕೇಳಿಸಲಿಲ್ಲ. ಮಾತು ಅಲ್ಲಿಗೆ ಮುಗಿಯಿತು.

ಹಾಗೆ ನಮ್ಮೊಂದಿಗೆ ಸೇರಿದವನು ಪಿಯಸೇನ. ನಡುವಯಸ್ಸಿನ, ಅವಸರವೆಂಬುದೇ ಗೊತ್ತಿಲ್ಲದ ಮನುಷ್ಯ. ದಾರಿಬದಿಯ ಪ್ರತಿ ಬುದ್ಧನ ಗುಡಿಗೂ ಕಾರು ನಿಲ್ಲಿಸಿ ಒಂದು ಹೂವಿಟ್ಟು ಬರುತ್ತಿದ್ದ. ಎದುರಿಗೆ ಬರುವ ಪ್ರತಿ ಗಾಡಿಯವನಿಗೂ ಕೈ ಎತ್ತುತ್ತಿದ್ದ. ಚಹಾ ಕುಡಿಯುವಾಗ ಬೆಲ್ಲದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು, ಒಂದು ಚೂರು ಕಚ್ಚುವುದು, ಹಾಲಿಲ್ಲದ ಚಹಾ ಒಂದು ಗುಟುಕು, ಮತ್ತೆ ಒಂದು ಚೂರು. ನಮ್ಮ ಕಡೆ ಬಸಿಯಲ್ಲಿ ಸುರಿದು ಸುರ್ ಎಂದು ಎಳೆದು ಎದ್ದು ಹೋಗುವವರಿಗೆ ಈ ಚಹಾ ಮುಗಿಯುವುದೇ ಇಲ್ಲವೆನ್ನಿಸುತ್ತದೆ. ಖಾಜಾ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಿದ್ದ. ತಿರುವಿನಲ್ಲಿ ಅವನ ಎಡಗೈ ತಾನಾಗಿ ಗೇರು ಹುಡುಕಿ ಖಾಲಿ ತಿರುಗಿ ಬರುತ್ತಿತ್ತು.

ಕ್ಯಾಂಡಿಯ ಅಂಚೆ ಕಚೇರಿಯಲ್ಲಿ ಲಕೋಟೆ ತೋರಿಸಿದೆವು. ಇಷ್ಟು ಜನರ ನಡುವೆ ಯಾರದೆಂದು ಹೇಳುವುದು ಎಂದು ಗುಮಾಸ್ತ ಮರುಕದಿಂದ ನಕ್ಕ. ಹೊರಗೆ ಬಂದಾಗ ಅಕ್ಕ ಅಂಗಡಿಗಳ ಹಲಗೆಗಳನ್ನು ನೋಡುತ್ತ ನಿಂತಿದ್ದಳು. ಸಿಂಹಳದ ಅಕ್ಷರಗಳು ನಮ್ಮವುಗಳಂತೆ ದುಂಡಗೆ. ದೂರದಿಂದ ಕನ್ನಡವೇ ಅನ್ನಬೇಕು. ಅಕ್ಕ ಒಂದೊಂದಕ್ಕೂ ತುಟಿ ಆಡಿಸುತ್ತಿದ್ದಳು. ಮುಖ ಬೆವತಿತ್ತು.

“ಅಕ್ಷರ ನಮ್ಮವs ಅನಸ್ತಾವ ತಮ್ಮಾ. ಓದಾಕ ಹೋದ್ರ ಒಂದೂ ಒಲ್ಲೆ ಅಂತಾವ.”

ಅವಳು ಅಷ್ಟು ಕಂಗೆಟ್ಟದ್ದೇಕೆಂದು ನನಗೆ ಆಗ ಹೊಳೆಯಲಿಲ್ಲ.

ಭಾಷೆಯ ಕಷ್ಟವನ್ನು ಬಗೆಹರಿಸಿದವನು ಖಾಜಾ. ಒಬ್ಬ ಮುಸಲ್ಮಾನರ ಚಹಾ ಅಂಗಡಿ ಕಂಡು ಹಿಗ್ಗಿ ಸಲಾಮು ಹೇಳಿದ. ಅವರೂ ಸಲಾಮು ಹೇಳಿ, ಅಪ್ಪಿಕೊಂಡು, ಆಮೇಲೆ ತಮಿಳಿನಲ್ಲಿ ಶುರು ಮಾಡಿದರು. ಖಾಜಾನ ದಖನಿ ಉರ್ದು ಅವರಿಗೆ ತಿಳಿಯದು, ಅವರ ತಮಿಳು ಇವನಿಗೆ ತಿಳಿಯದು. ಕೊನೆಗೆ ಖಾಜಾ ಎಡಗೈ ಎತ್ತಿ ಎರಡು ಬೆರಳು ಮಡಿಚಿ, ಬಲಗೈಯಿಂದ ಸ್ಟಿಯರಿಂಗ್ ತಿರುಗಿಸಿದಂತೆ ಮಾಡಿ ತೋರಿಸಿದ. ಎರಡು ಬೆರಳಿಲ್ಲದ ಲಾರಿಯವನು. ಇದಕ್ಕಿಂತ ಚೆನ್ನಾದ ಪ್ರಶ್ನೆಯನ್ನು ಯಾವ ಭಾಷೆಯಲ್ಲೂ ಕೇಳಲಾಗದು. ಅಂದಿನಿಂದ ಪ್ರತಿ ಗ್ಯಾರೇಜು, ಪ್ರತಿ ಪೆಟ್ರೋಲ್ ಪಂಪು, ಪ್ರತಿ ಚಹಾ ಅಂಗಡಿಯ ಮುಂದೆ ಅವನು ಇಳಿದು ಆ ಕೈ ಎತ್ತಿದ. ಜನ ತಲೆ ಅಲ್ಲಾಡಿಸಿದರು. ಅವನು ಹತ್ತಿ ಕೂತು, “ಮುಂದ ನಡೀ,” ಎಂದ. ಪಿಯಸೇನ ಇನ್ನೊಂದು ಗುಡಿಯ ಮುಂದೆ ನಿಲ್ಲಿಸಿದ. ಅಲ್ಲಿ ಕಲ್ಲಿನಲ್ಲಿ ಕಡೆದ ಬುದ್ಧ ಬಲಗೈ ತಲೆದಿಂಬು ಮಾಡಿಕೊಂಡು ಮಲಗಿದ್ದ. “ನಮ್ಮೂರ ಗುಡ್ಡ ಮಲಗಿದಂಗ ಮಲಗ್ಯಾನ,” ಎಂದಳು ಅಕ್ಕ. ಶಹಾಪುರದ ಗುಡ್ಡಸಾಲು ದೂರದಿಂದ ಮಲಗಿದ ಮನುಷ್ಯನಂತೆಯೇ ಕಾಣುತ್ತದೆ. ದಾರಿಯಲ್ಲಿ ನೆಮ್ಮದಿಯಿಂದಿದ್ದವನು ಆ ಬುದ್ಧನೊಬ್ಬನೇ.

ನುವರ ಎಲಿಯ

ಏರು ಶುರುವಾದ ಮೇಲೆ ಚಳಿ. ಬೇಸಿಗೆಯಲ್ಲಿ ಹಲ್ಲು ಕಟಕಟಿಸುವ ಊರು ಇರಬಹುದೆಂದು ನಾನು ಪಾಠದಲ್ಲಿ ಹೇಳಿದ್ದೆನೇ ಹೊರತು ನಂಬಿರಲಿಲ್ಲ. ಗುಡ್ಡಗಳಿಗೆ ಒಂದು ಅಂಗೈಯಷ್ಟು ಬರಿನೆಲ ಇಲ್ಲದಂತೆ ಚಹಾ ಗಿಡ ಹೊದಿಸಿದ್ದರು. ಬಂಡೆ ಕಾಣದ ಗುಡ್ಡ ನೋಡಿ ಅಭ್ಯಾಸವಿಲ್ಲದ ನನ್ನ ಕಣ್ಣು ಎಲ್ಲೆಲ್ಲೂ ಕಲ್ಲನ್ನೇ ಹುಡುಕಿತು.

ಅಲ್ಲಿ ಲಾರಿ ನಿಲ್ಲುವ ಜಾಗದಲ್ಲಿ ಒಬ್ಬ ತಮಿಳು ಮೆಕ್ಯಾನಿಕ್ ಖಾಜಾನ ಮಡಿಚಿದ ಬೆರಳು ನೋಡಿ ತಲೆ ಅಲ್ಲಾಡಿಸಲಿಲ್ಲ. ತನ್ನ ಎಡಗೈಯನ್ನೂ ಎತ್ತಿ ಅದೇ ಎರಡು ಬೆರಳು ಮಡಿಚಿದ. ‘ಮುತ್ತಯ್ಯ’ ಎಂದು, ಉಳಿದದ್ದನ್ನು ನನ್ನಂಥದ್ದೇ ಹರಕು ಇಂಗ್ಲಿಷಿನಲ್ಲಿ ಹೇಳಿದ. ಬಂಡಾರವೆಲದ ಆಚೆ ಒಂದು ಚಹಾ ತೋಟದ ಲಾರಿ ಓಡಿಸುತ್ತಾನೆ, ಒಬ್ಬನೇ ಇರುತ್ತಾನೆ, ಇಂಡಿಯಾದವನು, ಆದರೆ ತಮಿಳನಲ್ಲ. ಹೆಸರು ಬೇರೆಯಾದರೂ ಇಲ್ಲದ ಬೆರಳು ಅವೇ. ಖಾಜಾ ಅಲ್ಲಿಯೇ ಒಂದು ಟೈರಿನ ಮೇಲೆ ಕೂತ. ಆ ಮೂರು ತಿಂಗಳಲ್ಲಿ ಅವನು ತಾನಾಗಿ ಕೂತದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಹೊರಡಬೇಕೆಂದರೆ ಪಿಯಸೇನನ ಬಲಗೆನ್ನೆ ತೆಂಗಿನಕಾಯಿಯಷ್ಟು ಊದಿತ್ತು. ದವಡೆ ಹಲ್ಲು. ಬೆಲ್ಲ ತಿಂದ ಫಲವೆಂದು ಖಾಜಾ ಕನ್ನಡದಲ್ಲಿ ಹೇಳಿದ. ಪಿಯಸೇನ ನೋವಿನಿಂದ ತಲೆಯಾಡಿಸಿದ. ದವಾಖಾನೆಯಲ್ಲಿ ಹಲ್ಲು ಕಿತ್ತು, ಈ ದಿನ ಗಾಡಿ ಮುಟ್ಟಬೇಡ ಎಂದರು. ನಾಳೆ ಹೋಗೋಣವೆಂದು ನಾನು ಹೇಳಿನೋಡಿದೆ. ನಾವು ಹುಡುಕುತ್ತಿರುವ ಸುದ್ದಿ ಲಾರಿಯವರ ಬಾಯಲ್ಲಿ ನಮಗಿಂತ ಮುಂಚೆ ಬಂಡಾರವೆಲ ಮುಟ್ಟುತ್ತದೆ, ಅವನು ಮತ್ತೆ ಓಡುತ್ತಾನೆ ಎಂದಳು ಅಕ್ಕ. ಅವಳ ಮಾತು ಸರಿಯಾಗಿತ್ತು. ಪಿಯಸೇನ ನಮ್ಮ ಮೂವರ ಮುಖ ನೋಡಿ, ಕೀಲಿಯನ್ನು ಖಾಜಾನ ಕೈಗಿಟ್ಟು, ಹಿಂದಿನ ಸೀಟಿನಲ್ಲಿ ಅಕ್ಕ ಕೊಟ್ಟ ಲವಂಗ ಕಚ್ಚಿಕೊಂಡು ಮುದುಡಿದ.

ಖಾಜಾ ಸ್ಟಿಯರಿಂಗ್ ಹಿಡಿದ ಕೂಡಲೇ ಬೇರೆ ಮನುಷ್ಯನಾದ. ಹೆಗಲು ಇಳಿಯಿತು, ಮಾತು ನಿಂತಿತು. ಚಡಪಡಿಕೆ ಈಗ ನನಗೆ ಬಂತು. ಅವನ ಕೆಟ್ಟ ಕಿವಿ ನಾನು ಕೂತ ಕಡೆ. ಬೆಟ್ಟದ ದಾರಿ, ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಮೋಡ ಕೂತ ಕಣಿವೆ. ಒಂದು ತಿರುವಿನಲ್ಲಿ ಎಡಗಡೆಯ ತೋಟದ ದಾರಿಯಿಂದ ಲಾರಿಯೊಂದು ಹಾರ್ನು ಹಾಕುತ್ತ ಇಳಿಯುತ್ತಿತ್ತು. ನನಗೆ ಕೇಳಿಸಿತು, ಅವನಿಗಿಲ್ಲ. ಅವನ ಮೊಣಕಾಲಿಗೆ ಬಡಿದೆ. ಕಾರು ಜಾರಿ, ಕಲ್ಲಿನ ಕಟ್ಟೆಗೆ ಒರಗುವಷ್ಟರಲ್ಲಿ ನಿಂತಿತು. ಲಾರಿ ನಮ್ಮ ಬಾನೆಟ್ಟಿನ ಮುಂದಿನಿಂದಲೇ ಸಾಗಿ ಹೋಯಿತು. ಖಾಜಾ ಹ್ಯಾಂಡ್‌ಬ್ರೇಕ್ ಎಳೆದು ನನ್ನ ಕಡೆ ತಿರುಗಿದ.

“ಮಾಸ್ತರ, ನೀವು ನನ್ನ ಕಿವಿ ಆಗ್ರಿ,” ಎಂದ. “ಹಾರ್ನ ಕೇಳಿದ ಕೂಡ್ಲೆ ತೊಡಿ ಮ್ಯಾಲ ಬಡೀರಿ. ಅಂಜಬ್ಯಾಡ್ರಿ, ಜೋರಲೆ ಬಡೀರಿ.”

ಬಂಡಾರವೆಲ ಮುಟ್ಟುವ ಹೊತ್ತಿಗೆ ಅವನ ತೊಡೆ ಕೆಂಪಾಗಿತ್ತು.

ಬಂಡಾರವೆಲ

ತೋಟದ ಚಹಾ ಕಾರ್ಖಾನೆ ಗುಡ್ಡದ ನೆತ್ತಿಯ ಮೇಲೆ. ಅಂಗಳದಲ್ಲಿ ಒಂದು ಲಾರಿ ನಿಂತಿತ್ತು. ಅದರ ಕೆಳಗಿನಿಂದ ಎರಡು ಕಾಲು ಹೊರಚಾಚಿದ್ದವು. ನಾವು ಇಳಿದೆವು. ಕರೆಯಬೇಡಿರೆಂದು ಖಾಜಾ ನಮಗೆ ಕೈಮಾಡಿ, ಮೆಲ್ಲಗೆ ಹೋಗಿ ಲಾರಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತ. ಕೆಳಗಿನಿಂದ ತಮಿಳಿನಲ್ಲಿ ಏನೋ ಕೇಳುತ್ತ ಒಂದು ಕೈ ಹೊರಬಂತು, ಮೂರೇ ಬೆರಳಿನ ಎಡಗೈ. ಪಕ್ಕದಲ್ಲಿ ಹರಡಿದ್ದ ಪಾನಾಗಳಲ್ಲಿ ಒಂದನ್ನು ಆರಿಸಿ ಖಾಜಾ ಆ ಕೈಗೆ ಕೊಟ್ಟ. ಕೈ ಒಳಗೆ ಹೋಯಿತು, ಲೋಹಕ್ಕೆ ಲೋಹ ತಾಗಿದ ಸದ್ದು, ಮತ್ತೆ ಹೊರಬಂತು.

“ಅದು ಜಾರ್ತದ,” ಎಂದ ಖಾಜಾ. “ಸಣ್ಣದು ತಗೋ ಮಲ್ಲ್ಯಾ.”

ಕೆಳಗಿನ ಕಾಲುಗಳು ಕಟ್ಟಿಗೆಯಾದವು. ಪಾನಾ ನೆಲಕ್ಕೆ ಬಿತ್ತು. ಕಾರ್ಖಾನೆಯ ಯಂತ್ರಗಳ ಗರಗರ ಮಾತ್ರ ಕೇಳುತ್ತಿತ್ತು. ಆಮೇಲೆ ಕಾಲುಗಳು ಆಚೆ ಕಡೆಗೆ ಸರಿದು, ಲಾರಿಯ ಇನ್ನೊಂದು ಬದಿಯಲ್ಲಿ ಮಲ್ಲಪ್ಪ ಎದ್ದು ನಿಂತ. ಕೂದಲು ಅರ್ಧ ನರೆತಿತ್ತು. ಓಡಿಬಿಡುತ್ತಾನೆಂದು ನಾನು ಎರಡು ಹೆಜ್ಜೆ ಮುಂದೆ ಬಂದೆ. ಖಾಜಾ ಎದ್ದು ಟೋಪಿ ತೆಗೆದು, ಎಡಗಿವಿಯ ಮೇಲಿನ ಗಾಯ ಕಾಣುವಂತೆ ಮುಖ ಹೊರಳಿಸಿ ನಿಂತ. ಅಷ್ಟು ದೂರ ಬಂದದ್ದು ಅದನ್ನು ತೋರಿಸಲಿಕ್ಕೇ.

ಮಲ್ಲಪ್ಪ ಲಾರಿಯನ್ನು ಸುತ್ತು ಹಾಕಿ ಬಂದ. ಮೂರು ಬೆರಳಿನಿಂದ ಆ ಗಾಯದ ಕುಳಿಯನ್ನು ಮುಟ್ಟಿದ. “ಉಸ್ತಾದ,” ಎಂದ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ಏನೂ ತಿಳಿಯದ ಪಿಯಸೇನನೂ ಕೆನ್ನೆ ಹಿಡಿದುಕೊಂಡು ಅತ್ತ.

ಅಕ್ಕ ಕಾರಿನ ಪಕ್ಕದಲ್ಲೇ ನಿಂತಿದ್ದಳು. ಅವಳ ಕಡೆ ಯಾರೂ ನೋಡಿರಲಿಲ್ಲ. ಆಗಲೇ ನನಗೆ ಹೊಳೆದದ್ದು: ಮೂರು ತಿಂಗಳು ನಾವು ಅಳೆದ ದಾರಿಯೆಲ್ಲ ಖಾಜಾನನ್ನು ಮಲ್ಲಪ್ಪನ ಮುಂದೆ ತಂದು ನಿಲ್ಲಿಸುವ ದಾರಿ. ಅಕ್ಕ ಯಾಕೆ ಬರುತ್ತಾಳೆಂದು ನಾವು ಯಾರೂ ಕೇಳಿರಲಿಲ್ಲ.

ಮಲ್ಲಪ್ಪನ ಕೋಣೆಯಲ್ಲಿ ಒಂದು ಚಾಪೆ, ಒಂದು ಲೋಟ. ನಮಗೆಲ್ಲ ಚಹಾ ಕೊಡಲು ಅವನು ಪಕ್ಕದ ಮನೆಗಳಿಂದ ಲೋಟ ಕೇಳಿ ತಂದ. ರಾಮೇಶ್ವರದ ಕಡೆಯಿಂದ ಕಳ್ಳದೋಣಿಯಲ್ಲಿ ದಾಟಿದ್ದು, ಹೆಸರು ಬದಲಿಸಿದ್ದು, ಖಾಕಿ ಕಂಡಲ್ಲೆಲ್ಲ ದಾರಿ ತಪ್ಪಿಸಿಕೊಂಡದ್ದು, ಎಲ್ಲವನ್ನೂ ಖಾಜಾನಿಗೆ ಹೇಳಿದ. ಅಕ್ಕ ಲೋಟ ಕೆಳಗಿಟ್ಟಳು.

“ನಾ ಬರದ ಕಾಗದ ಮುಟ್ಟಿತ್ತೇನ್ರಿ?”

ಮಲ್ಲಪ್ಪ ತಲೆ ತಗ್ಗಿಸಿ, ಮುಟ್ಟಿತ್ತೆಂದ.

“ಓದಿದ್ರೇನು?”

“ಓದಿನಿ. ನಿನಗೆಲ್ಲಿ ಬರಿಯಾಕ ಬರ್ತದ? ಪೊಲೀಸ್ರು ಯಾರ ಕೈಲೆರ ಬರಸ್ಯಾರ, ನಿನ್ನ ಹೆಸರು ಹಾಕಿಸ್ಯಾರ ಅಂತ ತಿಳದಿನಿ.”

“ನಿಮಗ ಬರಿಯಾಕಂತನs ಕಲ್ತಿದ್ನಿ,” ಎಂದಳು ಅಕ್ಕ.

ಅದು ನನಗೆ ಗೊತ್ತಿದ್ದ ಸಂಗತಿ, ಕಲಿಸಿದವನು ನಾನೇ. ದಿನವೆಲ್ಲ ಹೊಲದಲ್ಲಿ ದುಡಿದು ಬಂದು, ಪಾಟಿ ಹಿಡಿದು ಕೂತು, ಎರಡು ವರ್ಷದಲ್ಲಿ ಒಂದು ಕಾಗದ ಬರೆಯುವಷ್ಟು ಕಲಿತಳು. ನಡುವೆ ಬೇರೆಯವರ ಕೈ ಇರಬಾರದು, ತನ್ನ ಕೈಯಾದರೆ ನಂಬುತ್ತಾರೆ ಎಂಬ ಭರವಸೆ ಅವಳಿಗೆ. ಆ ಕೈಯೇ ಸುಳ್ಳೆನ್ನಿಸಿತು. ಅವಳಿಗೆ ಅಕ್ಷರ ಬಾರದೆಂದು ತಿಳಿದವನು ಅವಳ ಕಾಗದ ನಂಬಲಾರನೆಂಬ ಮಾತು ಕಲಿಸುವಾಗ ನನ್ನ ತಲೆಗೆ ಹೊಳೆದಿರಲಿಲ್ಲವಲ್ಲ ಎಂದು ಇಂದಿಗೂ ಕೊರಗುತ್ತೇನೆ.

ಮಲ್ಲಪ್ಪ ಎದ್ದು, ಗೂಡಿನಲ್ಲಿದ್ದ ಲೆಕ್ಕದ ಪುಸ್ತಕ, ಪೆನ್ಸಿಲು ತಂದು ಅವಳ ಮುಂದಿಟ್ಟ. ಬರೆಯುವುದನ್ನು ತಾನು ಕಣ್ಣಿಂದ ನೋಡಬೇಕೆಂಬ ಆಸೆಯೋ ಏನೋ. ಅವನು ಕೆಟ್ಟದ್ದಕ್ಕೆ ಮಾಡಿದ್ದಲ್ಲ. ಅಕ್ಕ ಪೆನ್ಸಿಲನ್ನು ಅವನ ಕಡೆಗೆ ಸರಿಸಿದಳು.

“ಒಲ್ಲೆ. ಬರದು ತೋರಸಂಗಿಲ್ಲ.”

ಮತ್ತೆ ಕ್ಯಾಂಡಿ

ಇಳಿಯುವ ದಾರಿಯಲ್ಲಿ ಮಲ್ಲಪ್ಪನೂ ನಮ್ಮೊಂದಿಗೆ ಬಂದ. ಖಾಜಾ ಓಡಿಸಿದ, ಮಲ್ಲಪ್ಪ ಅವನ ಎಡಗಡೆ ಕೂತು, ಯಾರೂ ಹೇಳಿಕೊಡದೆಯೇ ಹಾರ್ನು ಕೇಳಿದಾಗಲೆಲ್ಲ ಅವನ ತೊಡೆ ಮುಟ್ಟುತ್ತಿದ್ದ. ಹಿಂದಿನ ಸೀಟಿನಲ್ಲಿ ಅಕ್ಕ ಕಣಿವೆಯ ಕಡೆ ಮುಖ ಮಾಡಿ ಕೂತಿದ್ದಳು. ಕ್ಯಾಂಡಿಗೆ ಎರಡು ಮೈಲಿ ಇದ್ದಾಗ ಪಿಯಸೇನ ಖಾಜಾನನ್ನು ಸೀಟಿನಿಂದ ಎಬ್ಬಿಸಿ ತಾನು ಸ್ಟಿಯರಿಂಗ್ ಹಿಡಿದ. ಮಾಲಿಕ ಮುದುಕ ಕಾರು ಸುತ್ತಿ ನೋಡಿ, ನನ್ನ ಡ್ರೈವರ್ ಎಂದರೆ ಹೀಗೆ, ಒಂದು ಗೀರಿಲ್ಲ ಎಂದು ಹೆಮ್ಮೆಪಟ್ಟರು. ಪಿಯಸೇನ ಕೆನ್ನೆ ಸವರಿಕೊಂಡ.

ಅಡಗಿ ಬಂದವನು ಬಹಿರಂಗವಾಗಿ ಮರಳಬೇಕಾದರೆ ಅವನು ನಮ್ಮ ದೇಶದವನೆಂಬ ಕಾಗದ ಬೇಕು. ಕ್ಯಾಂಡಿಯಲ್ಲಿದ್ದ ನಮ್ಮ ಸರ್ಕಾರದ ಕಚೇರಿಗೆ ಹೋದೆವು. ಹೆಂಡತಿ, ಹೆಂಡತಿಯ ತಮ್ಮ ಹೇಳಿದರೆ ಸಾಲದು, ಸಂಬಂಧವಿಲ್ಲದ ಒಬ್ಬರ ಸಾಕ್ಷಿ ಬೇಕೆಂದರು ಅಲ್ಲಿಯ ಅಧಿಕಾರಿ. ಖಾಜಾ ಮುಂದೆ ಬಂದ. ಅವರು ಹಿಂದಿಯಲ್ಲಿ ಕೇಳುತ್ತ, ಬರೆದುಕೊಳ್ಳುತ್ತ ಹೋದರು. ಈತನನ್ನು ಎಷ್ಟು ವರ್ಷದಿಂದ ಬಲ್ಲೆ? ಹದಿನಾರು. ಹೇಗೆ ಬಲ್ಲೆ? ಒಂದೇ ಗಾಡಿಯ ಮೇಲೆ ದುಡಿದಿದ್ದೇವೆ. ನಡತೆ ಹೇಗೆ? ನನ್ನ ತಮ್ಮನ ಹಾಗೆ. ಸಾಕ್ಷಿಯ ಗುರುತಿನ ಚಿಹ್ನೆಯ ಅಂಕಣಕ್ಕೆ ಬಂದಾಗ ಅಧಿಕಾರಿ ಖಾಜಾನ ಕಿವಿಯ ಮೇಲಿನ ಕುಳಿ ನೋಡಿ, ಇದು ಹೇಗಾಯಿತೆಂದು ಕೇಳಿದರು.

ಮಲ್ಲಪ್ಪ ಗೋಡೆಗೆ ಒರಗಿದ.

ಗಾಡಿಯ ಹ್ಯಾಂಡಲ್ ಬಡಿಯಿತು ಎಂದ ಖಾಜಾ. ಎಂಜಿನ್ ತಿರುಗಿಸುವಾಗ ಹ್ಯಾಂಡಲ್ ಒದ್ದು ಗಾಯವಾಗದ ಡ್ರೈವರ್ ಆ ಕಾಲದಲ್ಲಿ ಇರಲಿಲ್ಲ. ಅಧಿಕಾರಿ ಹಾಗೆಯೇ ಬರೆದುಕೊಂಡರು. ಖಾಜಾ ಉರ್ದುವಿನಲ್ಲಿ ದಸ್ಕತ್ತು ಹಾಕಿದ. ಸಿಂಹಳದವರ ಒಪ್ಪಿಗೆಯೂ ಆಗಬೇಕು, ಒಂದೂವರೆ ತಿಂಗಳಾದರೂ ಹಿಡಿಯುತ್ತದೆ, ಅಲ್ಲಿಯತನಕ ತೋಟದಲ್ಲೇ ಇರಲೆಂದು ಅಧಿಕಾರಿ ಒಂದು ರಸೀದಿ ಕೊಟ್ಟರು.

ನನ್ನ ರಜೆ ಮುಗಿಯುತ್ತ ಬಂದಿತ್ತು. ಖಾಜಾನ ಲಾರಿ ಯಾದಗಿರಿಯಲ್ಲಿ ಬೇರೆಯವರ ಕೈಯಲ್ಲಿತ್ತು. ಮಲ್ಲಪ್ಪ ಆಮೇಲೆ ಬರಲಿ, ನಾವು ಮೂವರೂ ಹೊರಡೋಣವೆಂದು ನಾನೇ ತೀರ್ಮಾನಿಸಿದೆ. ಅಕ್ಕ ಗಂಟು ಕಟ್ಟಿದಳು. ಬಂಡಾರವೆಲದಿಂದ ಈಚೆಗೆ ಅವಳು ಗಂಡನೊಡನೆ ಒಂದು ಮಾತನ್ನೂ ಆಡಿರಲಿಲ್ಲ. ಮಲ್ಲಪ್ಪ ಅವಳ ಬಟ್ಟೆಯ ಗಂಟು ಹೊತ್ತು ಸ್ಟೇಷನ್ನಿಗೆ ಬಂದ. ಡಬ್ಬಿಯೊಳಗೆ ಇಟ್ಟು ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಕೈಕಟ್ಟಿ ನಿಂತ. ಖಾಜಾ ಕಿಟಕಿಯಿಂದ ಏನೇನೋ ಹೇಳುತ್ತಿದ್ದ: ತಿರುಗಿ ಬರುವಾಗ ಮದ್ರಾಸಿನಲ್ಲಿ ಎಲ್ಲಿ ಗಾಡಿ ಬದಲಿಸಬೇಕು, ಯಾರನ್ನು ನಂಬಬಾರದು.

ಮಲ್ಲಪ್ಪ, ಅಕ್ಕ ಇಬ್ಬರೂ ಆ ವರ್ಷದ ಶ್ರಾವಣದಲ್ಲಿ ಊರಿಗೆ ಬಂದರು. ಓದುವವರ ಜೀವ ತೂಗಾಡದಿರಲೆಂದು ಈಗಲೇ ಹೇಳಿಬಿಡುತ್ತೇನೆ. ಆದರೆ ಆ ದಿನ ಆ ಸ್ಟೇಷನ್ನಿನಲ್ಲಿ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಅಕ್ಕನಿಗೂ ಗೊತ್ತಿರಲಿಲ್ಲ.

ಸೀಟಿ ಊದಿದಾಗ ಅಕ್ಕ ಎದ್ದಳು. ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಿಗೆ ಹೋದಳು. ರೈಲು ಅಲುಗಾಡುವುದಕ್ಕೆ ಮೊದಲೇ ಇಳಿದುಬಿಟ್ಟಳು. ನಾನು ಗಾಬರಿಯಿಂದ ಕಿಟಕಿಗೆ ಬಾಗಿದೆ. ಇನ್ನೂ ಎರಡು ತಿಂಗಳ ರಹದಾರಿ ಇದೆ ತನಗೆ, ನೀವು ಹೋಗಿ ಎಂದಳು. ಅವ್ವನಿಗೆ ಏನು ಹೇಳಲಿ, ಮಲ್ಲಪ್ಪ ಸಿಕ್ಕನೆಂದು ಹೇಳಲೇ ಎಂದು ಕೇಳಿದೆ. ರೈಲು ಸರಿಯತೊಡಗಿತ್ತು, ಅವಳು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದಳು.

“ಸಿಕ್ಕಾರ ಅಂತ ಹೇಳಬ್ಯಾಡ,” ಎಂದಳು. “ಗಂಗವ್ವ ಇನ್ನಾ ಹುಡುಕಾಕತ್ಯಾಳ ಅಂತ ಹೇಳು.”

ತಿರುಗಿ ನೋಡಿದಾಗ ಅವಳು ಪ್ಲಾಟ್‌ಫಾರ್ಮಿನ ತುದಿಯ ಬಾಗಿಲ ಕಡೆಗೆ ನಡೆಯುತ್ತಿದ್ದಳು. ಗಂಟನ್ನು ಮಲ್ಲಪ್ಪನಿಗೆ ಕೊಟ್ಟಿರಲಿಲ್ಲ. ಅವನು ಖಾಲಿ ಕೈ ಚಾಚಿಕೊಂಡು ಅವಳ ಹಿಂದೆ ದಾಪುಗಾಲು ಹಾಕುತ್ತಿದ್ದ.